ಈರಮ್ಮ ಬೊಟ್ಟಿಡದ ಚಿತ್ರಗಳು

ಹಂಗಳದ ಈರಮ್ಮ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಎಲೆಅಡಿಕೆ ಚೀಲದಲ್ಲಿ ಎಲೆ, ಅಡಿಕೆ, ಸುಣ್ಣದ ಜೊತೆಗೆ ಒಂದು ಸಣ್ಣ ತಗಡಿನ ಡಬ್ಬಿಯೂ ಇರುತ್ತಿತ್ತು. ಒಂದು ಕಾಲದಲ್ಲಿ ಅದರಲ್ಲಿ ತಲೆನೋವಿನ ಮುಲಾಮು ಇತ್ತು. ಮುಲಾಮು ಮುಗಿದ ಮೇಲೆ ಡಬ್ಬಿಯನ್ನು ತೊಳೆದು ಕಾಡಿಗೆ ತುಂಬಿಕೊಂಡಿದ್ದಳು. ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿ, ಕೂತ ಮಸಿಯನ್ನು ಕೆರೆದು, ಮತ್ತಷ್ಟು ಹರಳೆಣ್ಣೆಯಲ್ಲಿ ಕಲಸಿದ ಕಾಡಿಗೆ. ಅದು ಶೃಂಗಾರಕ್ಕಲ್ಲ, ದೃಷ್ಟಿಬೊಟ್ಟು ಇಡುವುದಕ್ಕೆ.

ಊರಿನಲ್ಲಿ ಎಲ್ಲ ತಾಯಂದಿರೂ ಕೂಸಿಗೆ ದೃಷ್ಟಿಬೊಟ್ಟು ಇಡುತ್ತಾರೆ. ಈರಮ್ಮ ಕೂಸಿಗೂ ಇಡುತ್ತಿದ್ದಳು, ಚೆನ್ನಾಗಿ ಹಾಲು ಕೊಡುವ ಹಸುವಿಗೂ ಇಡುತ್ತಿದ್ದಳು, ಹಿತ್ತಲಲ್ಲಿ ಸೊಂಪಾಗಿ ಬಂದ ಕುಂಬಳಕಾಯಿಗೂ ಇಡುತ್ತಿದ್ದಳು. ಆದರೆ ಎಲ್ಲದಕ್ಕೂ ಇಡುತ್ತಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ನಾದಿನಿ ಬಾಣಂತನ ಮುಗಿಸಿಕೊಂಡು ಬಂದು ತನ್ನ ಮಗುವನ್ನು ಮಡಿಲಿಗೆ ಹಾಕಿದಾಗ ಈರಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದ್ಕೇನೂ ಬ್ಯಾಡ ಬುಡವ್ವ, ಯಾರ್ ಕಣ್ಣೂ ಬೀಳಕಿಲ್ಲ" ಎಂದು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಿದ್ದಳು. ನಾದಿನಿ ನಾಲ್ಕು ವರ್ಷ ಮಾತು ಬಿಟ್ಟಳು. ಯಾಕೆ ಬಿಟ್ಟಳು ಎಂಬುದು ಈರಮ್ಮನಿಗೆ ಇವತ್ತಿಗೂ ಗೊತ್ತಾಗಿಲ್ಲ.

ಇಂಥ ತಾಯಿಯ ಒಬ್ಬನೇ ಮಗ ಶಿವಮಲ್ಲು ಚಿತ್ರಗಾರನಾದ.

ಅವನ ಮೊದಲ ಚಿತ್ರ ಮನೆಯ ಬೀದಿಗೋಡೆಯ ಮೇಲೆ ಬಂತು. ಆಗ ಅವನಿಗೆ ಆರು ವರ್ಷ. ಯುಗಾದಿ ಬರುತ್ತದೆಂದು ಅಪ್ಪ ಗುರುಸಿದ್ದಯ್ಯ ಗೋಡೆಗೆ ಸುಣ್ಣ ಬಳಿದು ಹೊಲಕ್ಕೆ ಹೋಗಿದ್ದ. ಸುಣ್ಣಕ್ಕೆ ಬೆರೆಸಲು ತಂದಿದ್ದ ನೀಲಿಪುಡಿ ಒಂದಿಷ್ಟು ಮಿಕ್ಕಿತ್ತು. ಹುಡುಗ ಅದನ್ನು ಚೊಂಬಿನಲ್ಲಿ ಕಲಸಿಕೊಂಡು, ಎದುರಿಗೆ ಕಾಣುವ ಗೋಪಾಲಸ್ವಾಮಿ ಬೆಟ್ಟವನ್ನು ಎರಡೂ ಅಂಗೈಯಿಂದ ಗೋಡೆಗೆ ಬಳಿದ. ಬೆಟ್ಟದ ಕೆಳಗೆ ಅರಿಸಿನ ಉಜ್ಜಿ ಹೊಲ ಮಾಡಿದ. ಗುರುಸಿದ್ದಯ್ಯ ಹೊಲದಿಂದ ಬಂದವನು ಒಂದು ಸಲ ಗೋಡೆ ನೋಡಿ, ಒಂದು ಸಲ ಮಗನ ಕೈ ನೋಡಿ, ಬಾರುಕೋಲು ಎತ್ತಿದ. ಅಷ್ಟರಲ್ಲಿ ಒಳಗಿನಿಂದ ಈರಮ್ಮ ಬಂದಳು. ಗೋಡೆಯ ಮುಂದೆ ನಿಂತು ನೋಡಿದಳು. ಡಬ್ಬಿ ತೆಗೆದು, ಉಂಗುರ ಬೆರಳಲ್ಲಿ ಕಾಡಿಗೆ ತೆಗೆದುಕೊಂಡು, ಬೆಟ್ಟದ ಕೆಳಗೆ ಎಡಮೂಲೆಯಲ್ಲಿ ಒಂದು ಬೊಟ್ಟಿಟ್ಟು ಒಳಗೆ ಹೋದಳು. ಬೊಟ್ಟಿಟ್ಟ ಮೇಲೆ ಅದು ಮನೆಯ ವಸ್ತುವಾಯಿತು. ಗುರುಸಿದ್ದಯ್ಯ ಎತ್ತಿದ ಕೋಲನ್ನು ಏನು ಮಾಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತಿದ್ದು, ಆಮೇಲೆ ಎತ್ತಿಗೆ ಹುಲ್ಲು ಹಾಕಬೇಕೆಂದು ಕೊಟ್ಟಿಗೆಗೆ ಹೋದ. ಬೆಟ್ಟ ಎರಡು ವರ್ಷ ಗೋಡೆಯ ಮೇಲಿತ್ತು.

ಶಾಲೆಗೆ ಸೇರಿದ ಮೇಲೆ ಶಿವಮಲ್ಲು ಕೆಟ್ಟ. ಅಲ್ಲಿ ಚಿತ್ರ ಎಂದರೆ ಸೀನರಿ. ಸೀನರಿ ಎಂದರೆ ಎರಡು ಬೆಟ್ಟ, ನಡುವೆ ಹುಟ್ಟುವ ಸೂರ್ಯ, ಬೆಟ್ಟದಿಂದ ಇಳಿಯುವ ಹೊಳೆ, ದಡದಲ್ಲಿ ಒಂದು ಮನೆ, ಪಕ್ಕದಲ್ಲಿ ಬಾಗಿದ ತೆಂಗಿನಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ಹಂಗಳದಲ್ಲಿ ಹೊಳೆ ಇಲ್ಲ. ಬೆಟ್ಟದ ಕಡೆ ಸೂರ್ಯ ಮುಳುಗುತ್ತಾನೆಯೇ ಹೊರತು ಹುಟ್ಟುವುದಿಲ್ಲ. ಆದರೂ ಇಡೀ ತರಗತಿ ಅದನ್ನೇ ಬರೆಯಿತು, ಶಿವಮಲ್ಲು ಎಲ್ಲರಿಗಿಂತ ನುಣ್ಣಗೆ ಬರೆದ. ತಾಲ್ಲೂಕು ಮಟ್ಟದ ಸ್ಪರ್ಧೆಯಲ್ಲಿ ಮೊದಲ ಬಹುಮಾನವೆಂದು ಒಂದು ಸ್ಟೀಲ್ ತಟ್ಟೆ ಕೊಟ್ಟರು. ಈರಮ್ಮ ಚಿತ್ರ ನೋಡಿ ಇದು ಯಾವ ಊರು ಎಂದು ಕೇಳಿದಳು. ತಟ್ಟೆ ದಪ್ಪಗಿದೆ ಎಂದು ಮೆಚ್ಚಿಕೊಂಡಳು, ಚಿತ್ರವನ್ನು ಟ್ರಂಕಿನ ತಳಕ್ಕೆ ಹಾಸಿದಳು. ಬೊಟ್ಟಿಡಲಿಲ್ಲ ಎಂಬುದನ್ನು ಹುಡುಗ ಗಮನಿಸಲಿಲ್ಲ. ಬಹುಮಾನ ಬಂದಾಗ ಯಾರೂ ಅಂಥದ್ದನ್ನು ಗಮನಿಸುವುದಿಲ್ಲ.

ಪಿಯುಸಿಯಲ್ಲಿ ಎರಡು ವಿಷಯ ಹೋದವು. ಗುರುಸಿದ್ದಯ್ಯ ಮಗನನ್ನು ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿದ್ದ ರಾಜಣ್ಣನ ಅಂಗಡಿಗೆ ಸೇರಿಸಿದ. ರಾಜಣ್ಣ ಬೋರ್ಡು ಬರೆಯುವವನು. ಫ್ಲೆಕ್ಸ್ ಬಂದು ಬೋರ್ಡಿನ ಕೆಲಸ ತಿಂದುಹಾಕಿದ ಮೇಲೆ ಕೇರಳಕ್ಕೆ ತರಕಾರಿ ಹೊತ್ತುಹೋಗುವ ಲಾರಿಗಳ ಹಿಂಬಾಗಿಲಿಗೆ ಸೀನರಿ ಬರೆಯುತ್ತಿದ್ದ. ಟೊಮೆಟೊ ತುಂಬುವಷ್ಟರಲ್ಲಿ ಚಿತ್ರ ಮುಗಿಯಬೇಕು. ಆದ್ದರಿಂದ ಅವನು ಒಂದು ಸೂರ್ಯಾಸ್ತವನ್ನು ಏಳು ನಿಮಿಷಕ್ಕೆ ಇಳಿಸಿದ್ದ, ಗಡಿಯಾರ ಬಿಚ್ಚಿ ಪಕ್ಕದಲ್ಲಿಟ್ಟುಕೊಂಡೇ ಕುಂಚ ಹಿಡಿಯುತ್ತಿದ್ದ. ಮಲಯಾಳಿ ಡ್ರೈವರುಗಳಿಗೆ ದೋಣಿ ಇರಬೇಕು, ನಮ್ಮವರಿಗೆ ಜಲಪಾತ ಇರಬೇಕು. ಶಿವಮಲ್ಲು ಅಲ್ಲಿ ಕೈ ಕಲಿತ. ಒಂದೇ ಎಳೆತಕ್ಕೆ ತೆಂಗಿನ ಗರಿ, ಎರಡೇ ಒತ್ತಿಗೆ ಮೋಡ. ವರ್ಷ ತುಂಬುವಷ್ಟರಲ್ಲಿ ಚಿತ್ರದ ಕೆಳಗೆ 'ಮಲ್ಲು ಆರ್ಟ್ಸ್, ಗುಂಡ್ಲುಪೇಟೆ' ಎಂದು ಬರೆದುಕೊಳ್ಳುವ ಧೈರ್ಯ ಬಂತು.

ಆ ಧೈರ್ಯಕ್ಕೆ ಚಾಮರಾಜನಗರದಿಂದ ಒಂದು ಪೋಸ್ಟ್ ಕಾರ್ಡ್ ಬಂತು. ಬರೆದವರು ಗಂಗಾಧರಸ್ವಾಮಿ ಎಂಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಸಂತೆಯ ಹತ್ತಿರ ನಿಂತಿದ್ದ ಲಾರಿಯ ಹಿಂದೆ ಶಿವಮಲ್ಲುವಿನ ಚಿತ್ರ ನೋಡಿದ್ದರು. ಕಾರ್ಡಿನಲ್ಲಿ ಇದ್ದದ್ದು ಎರಡೇ ಸಾಲು: "ನಿಮ್ಮ ಸೂರ್ಯ ಪಶ್ಚಿಮದಲ್ಲಿದ್ದಾನೆ, ಮರದ ನೆರಳೂ ಪಶ್ಚಿಮಕ್ಕೇ ಬಿದ್ದಿದೆ. ಬಿಡುವಾದಾಗ ಬಂದು ಕಾಣುವುದು." ಶಿವಮಲ್ಲು ಅದನ್ನು ರಾಜಣ್ಣನಿಗೆ ತೋರಿಸಿದ. ಲಾರಿ ಓಡುತ್ತಲೇ ಇರುತ್ತದೆ, ನೆರಳು ಯಾವ ಕಡೆಗಾದರೂ ಬೀಳಬಹುದು ಎಂದು ರಾಜಣ್ಣ ಸಮಾಧಾನ ಹೇಳಿದ. ಶಿವಮಲ್ಲುವಿಗೆ ಮಾತ್ರ ಸಮಾಧಾನವಾಗಲಿಲ್ಲ, ಭಾನುವಾರ ಬಸ್ಸು ಹತ್ತಿದ.

ಗಂಗಾಧರಸ್ವಾಮಿಗಳು ಅವನ ಬಣ್ಣದ ಪೆಟ್ಟಿಗೆ ತೆರೆದು ಹಸಿರು ಟ್ಯೂಬುಗಳನ್ನೆಲ್ಲ ಆರಿಸಿ ತಮ್ಮ ಬೀರುವಿಗೆ ಹಾಕಿ ಬೀಗ ಜಡಿದರು. ಒಂದು ವರ್ಷ ಹಸಿರು ಇಲ್ಲ, ಬೇಕಿದ್ದರೆ ನೋಡಿ ಬೆರೆಸಿಕೊಳ್ಳಬೇಕು ಎಂದರು. ಪ್ರತಿ ಭಾನುವಾರ ಹರವೆ ಕಡೆಯ ಬಸ್ಸಿನಲ್ಲಿ ಅವನನ್ನು ಕರೆದುಕೊಂಡು ಹೋಗಿ ಉಡಿಗಾಲದ ಹೊಲಗಳ ಬದುವಿನ ಮೇಲೆ ಕೂರಿಸುತ್ತಿದ್ದರು, ತಾವು ಛತ್ರಿ ಬಿಡಿಸಿಕೊಂಡು ಪಕ್ಕದಲ್ಲಿ ಕೂರುತ್ತಿದ್ದರು. ಜೋಳದ ಹಸಿರು ಬೇರೆ, ಅರಿಸಿನದ ಹಸಿರು ಬೇರೆ, ಬೆಳಗ್ಗೆ ಎಂಟರ ಜೋಳ ಬೇರೆ, ಹತ್ತರ ಜೋಳ ಬೇರೆ. ಶಿವಮಲ್ಲುವಿಗೆ ತಲೆ ಕೆಟ್ಟುಹೋಯಿತು. ಮೊದಲ ಆರು ತಿಂಗಳು ಅವನು ಬರೆದ ಹೊಲಗಳೆಲ್ಲ ಕೆಸರಿನ ಬಣ್ಣಕ್ಕೆ ಬಂದವು. ಮೇಷ್ಟ್ರು ಪ್ರತಿಯೊಂದನ್ನೂ ನೋಡಿ, ಗೊತ್ತಿರುವುದನ್ನು ಬರೆದಿದ್ದೀರಿ, ಕಂಡದ್ದನ್ನು ಬರೆದಿಲ್ಲ ಎಂದು ಹೇಳಿ, ಛತ್ರಿ ಮಡಿಸಿ, ಬಸ್ಸಿನ ಹೊತ್ತಾಯಿತೆಂದು ಏಳುತ್ತಿದ್ದರು.

ಹತ್ತನೆಯ ತಿಂಗಳಿಗೆ ಒಂದು ಚಿತ್ರ ಬಂತು. ಹಂಗಳದಲ್ಲಿ, ತಮ್ಮದೇ ಹೊಲದಲ್ಲಿ ಕೂತು ಬರೆದ ಹುರುಳಿ ಹೊಲ. ಒಣಗಲಿ ಎಂದು ಜಗುಲಿಯ ಮೇಲೆ ಇಟ್ಟು ಸ್ನಾನಕ್ಕೆ ಹೋಗಿದ್ದ. ಬಂದು ನೋಡಿದರೆ ಎಡಮೂಲೆಯಲ್ಲಿ ಹೆಬ್ಬೆರಳಗಲ ಕಾಡಿಗೆ. ಕಾಗದ ಹರಳೆಣ್ಣೆ ಹೀರಿಕೊಂಡು ಬೊಟ್ಟಿನ ಸುತ್ತ ಜಿಡ್ಡಿನ ಉಂಗುರ ಹರಡಿತ್ತು.

"ಅವ್ವ, ಇದೇನ್ ಮಾಡ್ಬುಟ್ಟೆ?" ಎಂದ.

"ನಾಕ್ ಜನ ನೋಡದಲ್ವಾ ಅದು. ಇರ್ಲಿ ಸುಮ್ಕಿರು" ಎಂದು ಈರಮ್ಮ ಅಕ್ಕಿ ಆರಿಸುತ್ತ ಕೂತಳು.

ಮೇಷ್ಟ್ರಿಗೆ ತೋರಿಸುವಾಗ ಮೂಲೆಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡ. ಬೆರಳು ತೆಗೆಸಿ ನೋಡಿದರು. ಯಾರು ಇಟ್ಟದ್ದು ಎಂದು ಕೇಳಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿ, ಇವತ್ತೇ ಹಸಿರು ಟ್ಯೂಬು ತೆಗೆದುಕೊಂಡು ಹೋಗಬಹುದು ಎಂದರು.

ಆಮೇಲೆ ಶಿವಮಲ್ಲು ಚಿತ್ರಗಳನ್ನು ಬಚ್ಚಿಡತೊಡಗಿದ. ಅಟ್ಟದ ಮೇಲೆ, ಚಾಪೆಯ ಸುರುಳಿಯೊಳಗೆ, ಒಮ್ಮೆ ಪಂಪ್‌ಸೆಟ್ಟಿನ ಮನೆಯಲ್ಲಿ. ಈರಮ್ಮ ಹುಡುಕಿಕೊಂಡು ಹೋಗುತ್ತಿರಲಿಲ್ಲ. ಏನೋ ಬೇರೆ ಹುಡುಕುವಾಗ ಸಿಕ್ಕುತ್ತಿತ್ತು, ಡಬ್ಬಿ ಹೇಗೂ ಸೊಂಟದಲ್ಲಿರುತ್ತಿತ್ತು. ಮೇಷ್ಟ್ರು ಸೇರಿಸಿದ ಮೈಸೂರಿನ ಕಲಾಶಾಲೆ ಮುಗಿಸಿ, ಅಲ್ಲಿನ ಒಂದು ಗ್ಯಾಲರಿಯಲ್ಲಿ ಮೊದಲ ಸಲ ಏಳು ಚಿತ್ರ ತೂಗುಹಾಕುವಾಗ ಮೂರರ ಮೂಲೆಯಲ್ಲಿ ಬೊಟ್ಟು ಇತ್ತು. ಬ್ಲೇಡಿನಲ್ಲಿ ಕೆರೆದ, ಇನ್ನಷ್ಟು ಹರಡಿತು. ಹರಳೆಣ್ಣೆ ಒಣಗುವ ಜಾತಿಯ ಎಣ್ಣೆಯಲ್ಲ. ಬಂದವರು ಆ ಮೂರು ಚಿತ್ರಗಳ ಮುಂದೆಯೇ ಗುಂಪು ನಿಂತರು. ಗ್ಯಾಲರಿಯ ಒಡತಿ ಬೃಂದಾ ಮೇಡಂ ಆ ಬೊಟ್ಟಿನ ಅರ್ಥ ಕೇಳಿದರು. ನಮ್ಮವ್ವ ದೃಷ್ಟಿಯಾಗದಿರಲಿ ಎಂದು ಇಟ್ಟದ್ದು ಎಂದು ಹೇಳಲು ಶಿವಮಲ್ಲುವಿಗೆ ನಾಚಿಕೆಯಾಯಿತು. ಅದು ಭೂಮಿಯ ಮೌನ ಎಂದುಬಿಟ್ಟ. ಬೃಂದಾ ಅದನ್ನು ಬರೆದುಕೊಂಡರು. ಮೂರೂ ಮಾರಾಟವಾದವು.

ಇಷ್ಟಾದ ಮೇಲೂ ಅವನಿಗೆ ವಿಷಯ ಹೊಳೆಯಲಿಲ್ಲ. ಅವ್ವ ಕೈಗೆ ಸಿಕ್ಕಿದ್ದಕ್ಕೆ ಇಡುತ್ತಾಳೆ, ಸಿಗದ್ದನ್ನು ಬಿಡುತ್ತಾಳೆ ಎಂದೇ ತಿಳಿದುಕೊಂಡಿದ್ದ. ನಾದಿನಿಯ ಮಗುವಿನ ಕಥೆಯನ್ನು ಅವನೇ ನೂರು ಸಲ ಹೇಳಿ ನಕ್ಕಿದ್ದ.

ಮದುವೆಯಾಯಿತು. ಹೆಂಡತಿ ಚೈತ್ರ ಗುಂಡ್ಲುಪೇಟೆ ಡಿಪೋದಲ್ಲಿ ಬಸ್ ಕಂಡಕ್ಟರ್. ಟಿಕೆಟ್ಟಿನ ವಿಷಯದಲ್ಲಿ ಅಪ್ಪನನ್ನೂ ಬಿಡುವವಳಲ್ಲ, ಗಂಡನನ್ನಂತೂ ಬಿಡುತ್ತಿರಲಿಲ್ಲ. ಅವಳ ಸಂಬಳ ತಿಂಗಳಿಗೆ ಒಂದು ಸಲ ತಪ್ಪದೆ ಬರುತ್ತಿತ್ತು, ಅವನ ಚಿತ್ರ ವರ್ಷಕ್ಕೆ ಒಂದು ಸಲ ತಪ್ಪಿ ಮಾರಾಟವಾಗುತ್ತಿತ್ತು. ಆಗ ಕಾಡಂಚಿನ ಒಂದು ರೆಸಾರ್ಟಿನವರು ಬಂದು ಪ್ರತಿ ಕೋಣೆಗೂ ಒಂದೊಂದು ಚಿತ್ರ ಬೇಕೆಂದರು. ನೀರು ಕುಡಿಯುವ ಆನೆ, ತಿರುಗಿ ನೋಡುವ ಜಿಂಕೆ, ಹಿಂದೆ ಸೂರ್ಯಾಸ್ತ. ರಾಜಣ್ಣನ ಏಳು ನಿಮಿಷ ಉಪಯೋಗಕ್ಕೆ ಬಂತು. ಒಂದು ರೆಸಾರ್ಟಿನಿಂದ ಇನ್ನೊಂದು, ಅಲ್ಲಿಂದ ಹೋಮ್‌ಸ್ಟೇಗಳು. ಮನೆಯ ಮೇಲೆ ಒಂದು ಶೀಟಿನ ಕೋಣೆ ಎದ್ದಿತು, ಅದಕ್ಕೆ ಸ್ಟುಡಿಯೋ ಎಂದು ಹೆಸರಾಯಿತು. ಮೂರು ವರ್ಷ ಹೋದದ್ದು ಗೊತ್ತಾಗಲಿಲ್ಲ. ಸೂರ್ಯಾಸ್ತ ಆರು ನಿಮಿಷಕ್ಕೆ ಇಳಿದಿತ್ತು.

ಈ ವರ್ಷ ಆಷಾಢದಲ್ಲಿ ಬೃಂದಾ ಫೋನ್ ಮಾಡಿದರು. ದಸರಾಕ್ಕೆ ಅವನೊಬ್ಬನದೇ ಪ್ರದರ್ಶನ, ಹನ್ನೆರಡು ಚಿತ್ರ. ಹೆಸರನ್ನೂ ಅವರೇ ಇಟ್ಟಿದ್ದರು, 'ಬೊಟ್ಟು'. ಮೂಲೆಯಲ್ಲಿ ಆ ಬೊಟ್ಟು ಇರಲೇಬೇಕು, ಕೇಳುವವರೆಲ್ಲ ಅದನ್ನೇ ಕೇಳುತ್ತಾರೆ ಎಂದರು. ಶಿವಮಲ್ಲು ಹುರುಪಿನಿಂದ ಹನ್ನೆರಡು ಗೋಪಾಲಸ್ವಾಮಿ ಬೆಟ್ಟ ಬರೆದ. ಮಂಜಿನ ಬೆಟ್ಟ, ಮಳೆಯ ಬೆಟ್ಟ, ಸಂಜೆಯ ಬೆಟ್ಟ. ಎಲ್ಲವನ್ನೂ ಮೇಲಿನ ಕೋಣೆಯಲ್ಲೇ ಕೂತು ಬರೆದ. ಬೆಟ್ಟ ಅವನಿಗೆ ಬಾಯಿಪಾಠವಾಗಿತ್ತು. ಬರೆದು ಮುಗಿಸಿ ಕೆಳಗೆ ತಂದು ನಡುಮನೆಯಲ್ಲಿ ಸಾಲಾಗಿ ನಿಲ್ಲಿಸಿ ಅವ್ವನ ಕೈಗಾಗಿ ಕಾದ.

ಒಂದು ದಿನ ಆಯಿತು, ಒಂದು ವಾರ ಆಯಿತು. ಈರಮ್ಮ ಚಿತ್ರಗಳ ಮುಂದೆ ಓಡಾಡಿದಳು, ಗುಡಿಸುವಾಗ ಎತ್ತಿಟ್ಟು ಗುಡಿಸಿದಳು. ಶಿವಮಲ್ಲು ಅವನ್ನು ಅಡುಗೆಮನೆಗೆ ಸಾಗಿಸಿದ. ಇಲಿಯ ಕಾಟಕ್ಕೆ ಈರಮ್ಮ ಮಂಜಿನ ಬೆಟ್ಟವನ್ನು ರಾಗಿ ಡ್ರಮ್ಮಿನ ಬಾಯಿಗೆ ಮುಚ್ಚಿದಳು. ಗಾತ್ರ ಸರಿಯಾಗಿತ್ತು.

ಗಂಡನ ಪೇಚಾಟ ನೋಡಲಾರದೆ ಚೈತ್ರ ಒಂದು ದಿನ ಡ್ಯೂಟಿಯಿಂದ ಬಂದವಳೇ ಅತ್ತೆಯನ್ನು ನೇರವಾಗಿ ಕೇಳಿದಳು. ಶಿವಮಲ್ಲು ಬಾಗಿಲ ಹಿಂದೆ ನಿಂತಿದ್ದ.

"ಅತ್ತೆ, ಇವ್ಕೆ ಯಾಕೆ ಬೊಟ್ಟಿಟ್ಟಿಲ್ಲ?"

"ಇವ್ಕೆ ಯಾರ್ ಕಣ್ಣು ಬಿದ್ದದು ಕಣಮ್ಮಿ? ನೋಡ್ದೋರು ಚೆಂದಾಗದೆ ಅಂತರೆ, ಮುಂದ್ಕೋಯ್ತರೆ" ಎಂದಳು ಈರಮ್ಮ. ದನಿಯಲ್ಲಿ ಕೊಂಕಿರಲಿಲ್ಲ. ನಾದಿನಿಯ ಮಗುವಿನ ಬಗ್ಗೆ ಹೇಳಿದಾಗಲೂ ಇರಲಿಲ್ಲ.

ಶಿವಮಲ್ಲು ಬಾಗಿಲ ಹಿಂದಿನಿಂದ ಹಾಗೇ ಸರಿದ. ಮೇಲೆ ಹೋಗಿ ಕೂತು ಲೆಕ್ಕ ಹಾಕಿದ. ಗೋಡೆಯ ಮೇಲಿನ ಬೆಟ್ಟಕ್ಕೆ ಇಟ್ಟಿದ್ದಳು, ಬಹುಮಾನದ ಸೀನರಿಗೆ ಇಟ್ಟಿರಲಿಲ್ಲ. ಹುರುಳಿ ಹೊಲಕ್ಕೆ ಇಟ್ಟಿದ್ದಳು, ಕಲಾಶಾಲೆಯಲ್ಲಿ ಡಿಸ್ಟಿಂಕ್ಷನ್ ತಂದದ್ದಕ್ಕೆ ಇಟ್ಟಿರಲಿಲ್ಲ. ರೆಸಾರ್ಟಿನ ಆನೆಗಳು ಒಂದೊಂದೂ ಎರಡೆರಡು ದಿನ ಕೆಳಗಿನ ಜಗುಲಿಯ ಮೇಲೆ ಒಣಗಿದ್ದವು, ಒಂದಕ್ಕೂ ಇಟ್ಟಿರಲಿಲ್ಲ. ಮೂರು ವರ್ಷದಿಂದ ಅವನ ಕೈಯಿಂದ ಕಣ್ಣು ಬೀಳುವಂಥದ್ದು ಒಂದೂ ಬಂದಿರಲಿಲ್ಲ, ಅದು ಗೊತ್ತಿದ್ದದ್ದು ಅಕ್ಷರ ಬಾರದ ಅವ್ವನಿಗೆ ಮಾತ್ರ. ಅವನಿಗೆ ಬೃಂದಾ ನೆನಪಾಗಲಿಲ್ಲ, ಪ್ರದರ್ಶನ ನೆನಪಾಗಲಿಲ್ಲ. ಅವ್ವನ ಕೈಯಿಂದ ಇನ್ನೊಂದು ಬೊಟ್ಟು ಬರದೆಯೇ ಹೋಗಿಬಿಟ್ಟರೆ ಎಂಬ ಭಯ ಹಿಡಿಯಿತು.

ಭಯಪಟ್ಟವನು ಮಾಡುವ ಕೆಲಸವನ್ನೇ ಅವನೂ ಮಾಡಿದ. ಕಪ್ಪು ಬಣ್ಣ ತೆಗೆದುಕೊಂಡು, ಉಂಗುರ ಬೆರಳಲ್ಲಿ ಅದ್ದಿ, ಮಳೆಯ ಬೆಟ್ಟದ ಎಡಮೂಲೆಗೆ ತಾನೇ ಒಂದು ಬೊಟ್ಟಿಟ್ಟ. ನೋಡುವುದಕ್ಕೆ ಅವ್ವನದರ ಹಾಗೆಯೇ ಇತ್ತು. ಅರ್ಧ ಗಂಟೆಯಲ್ಲಿ ಈರಮ್ಮ ಕಾಫಿ ತಂದವಳು ಅದನ್ನು ಕಂಡಳು. ಲೋಟ ಕೆಳಗಿಟ್ಟು, ಸೆರಗಿನ ತುದಿಯಿಂದ ಬೊಟ್ಟನ್ನು ಒರೆಸಿದಳು. ಬೆಟ್ಟದ ಬುಡವೂ ಒಂದಿಷ್ಟು ಒರೆಸಿಹೋಯಿತು. "ಬ್ಯಾಡ್ದಿದ್ದುಕ್ಕೆ ಇಡ್ಬಾರ್ದು ಕಣ್ಲಾ ಮಗ. ಇಟ್ರೆ ಬೇಕಾದ್ದುಕ್ಕೆ ಹಿಡಿಯಕಿಲ್ಲ" ಎಂದು ಹೇಳಿ ಕೆಳಗಿಳಿದಳು. ಕಾಫಿ ಆರಿಹೋಯಿತು.

ಅವಳು ಮೆಟ್ಟಿಲು ಇಳಿಯುವಾಗ ಗೋಡೆ ತಡಕುತ್ತ ಇಳಿದದ್ದನ್ನು ಶಿವಮಲ್ಲು ಕಂಡ. ತಟ್ಟನೆ ಮನಸ್ಸಿಗೆ ಬೆಳಕು ಬಂದಂತಾಯಿತು. ಅವ್ವನಿಗೆ ಕಣ್ಣು ಕಾಣುತ್ತಿಲ್ಲ. ತಪ್ಪು ಚಿತ್ರದ್ದಲ್ಲ, ಪೊರೆಯದು. ಇದನ್ನು ಯೋಚಿಸಿದಾಗ ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ತಾಯಿಯ ಕಣ್ಣಿಗೆ ಪೊರೆ ಬಂದದ್ದಕ್ಕೆ ಅಷ್ಟು ಸಂತೋಷಪಟ್ಟ ಮಗ ಜಿಲ್ಲೆಯಲ್ಲಿ ಇನ್ನೊಬ್ಬನಿರಲಾರ. ಮಾರನೆಯ ದಿನವೇ ಚಾಮರಾಜನಗರದ ಆಸ್ಪತ್ರೆಗೆ ಕರೆದುಕೊಂಡು ಹೋದ. ಬಸ್ಸಿನಲ್ಲಿ ಈರಮ್ಮ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಹೋದಳು, ಮಗ ದುಡ್ಡು ಕೊಟ್ಟ. ಡಾಕ್ಟರು ಎರಡೂ ಕಣ್ಣಿನಲ್ಲಿ ಪೊರೆ ಚೆನ್ನಾಗಿ ಬಲಿತಿದೆ ಎಂದಾಗ ಶಿವಮಲ್ಲು ಅವರ ಕೈ ಕುಲುಕಿದ. ಡಾಕ್ಟರಿಗೆ ಅರ್ಥವಾಗಲಿಲ್ಲ. ಒಂದು ತಿಂಗಳ ಅಂತರದಲ್ಲಿ ಎರಡೂ ಆಪರೇಷನ್ ಮುಗಿದವು.

ಕಪ್ಪು ಕನ್ನಡಕ ತೆಗೆಯುವ ದಿನ ಶಿವಮಲ್ಲು ಹನ್ನೆರಡು ಬೆಟ್ಟಗಳನ್ನೂ ಜಗುಲಿಯ ಮೇಲೆ ಬಿಸಿಲಿಗೆ ನಿಲ್ಲಿಸಿದ. ಮಂಜಿನ ಬೆಟ್ಟಕ್ಕೆ ಹತ್ತಿದ್ದ ರಾಗಿಯ ಧೂಳು ಒರೆಸಿದ. ಈರಮ್ಮ ಒಂದೊಂದರ ಮುಂದೆಯೂ ನಿಂತು ನೋಡಿದಳು. ಅವಳು ಅವಸರ ಮಾಡಲಿಲ್ಲ. ಹನ್ನೆರಡನ್ನೂ ಮುಗಿಸಿ, ಮೊದಲನೆಯದಕ್ಕೆ ವಾಪಸ್ಸು ಬಂದು ಇನ್ನೊಂದು ಸಲ ನೋಡಿದಳು. ಶಿವಮಲ್ಲುವಿನ ಕಣ್ಣು ಅವಳ ಸೊಂಟದ ಚೀಲದ ಮೇಲೆಯೇ ಇತ್ತು.

"ಈಗ ಚೆನ್ನಾಗಿ ಕಾಣ್ತದೆ ಕಣ್ಲಾ ಮಗ" ಎಂದಳು. "ಆಗ ಮಸುಕ್ ಮಸುಕಾಗಿ ಒಸಿ ಪರ್ವಾಗಿಲ್ಲ ಅನ್ಸಿತ್ತು."

ಹೊಸ ಕಣ್ಣು ಬಂದ ಹುರುಪಿನಲ್ಲಿ ಈರಮ್ಮ ಊರೆಲ್ಲ ಸುತ್ತಿದಳು. ಪಕ್ಕದ ಮನೆಯ ಕರುವಿಗೆ ಬೊಟ್ಟಿಟ್ಟಳು. ನಾದಿನಿಯ ಆ ಮಗು ಬೆಳೆದು ಹೆತ್ತಿದ್ದ ಕೂಸಿಗೆ ಕೆನ್ನೆ, ಅಂಗಾಲು ಎರಡೂ ಕಡೆ ಇಟ್ಟಳು. ನಾದಿನಿ ಕಣ್ಣೀರು ಹಾಕಿ ಹೋಳಿಗೆ ಮಾಡಿ ಕಳಿಸಿದಳು. ಶಿವಮಲ್ಲು ತನ್ನ ಪಾಲಿನ ಹೋಳಿಗೆಯನ್ನು ಚೈತ್ರಳ ತಟ್ಟೆಗೆ ಹಾಕಿ ಎದ್ದ.

ಬೃಂದಾ ಫೋನ್ ಮಾಡಿ, ಆಮಂತ್ರಣ ಪತ್ರಿಕೆಯ ಮೇಲೆ ಹಾಕಲು ಬೊಟ್ಟಿರುವ ಒಂದಾದರೂ ಹೊಸ ಚಿತ್ರ ಶುಕ್ರವಾರದ ಒಳಗೆ ಬೇಕು, ಮಧ್ಯಾಹ್ನ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿಗೆ ಡ್ರೈವರನ್ನು ಕಳಿಸುತ್ತೇನೆ ಎಂದರು. ಶಿವಮಲ್ಲು ಆಗಲಿ ಎಂದ. ಗುರುವಾರವೆಲ್ಲ ಹನ್ನೆರಡು ಬೆಟ್ಟಗಳನ್ನು ನೋಡುತ್ತ ಕೂತ. ಎಲ್ಲವೂ ಚೆಂದಾಗಿದ್ದವು. ಅವ್ವ ಹೇಳಿದ್ದು ಸರಿ ಎಂದು ಅವತ್ತು ಅವನಿಗೆ ತಾನಾಗಿಯೇ ಕಂಡಿತು.

ಶುಕ್ರವಾರ ಬೆಳಗ್ಗೆ ಒಂದು ಖಾಲಿ ಕ್ಯಾನ್‌ವಾಸು ಹಿಡಿದು ಹೊಲಕ್ಕೆ ಹೋದ. ಎರಡು ತಿಂಗಳ ಹಿಂದೆ ಅಲ್ಲಿ ಸೂರ್ಯಕಾಂತಿ ಹೂ ಬಿಟ್ಟಿದ್ದಾಗ ಕೇರಳದ ಕಾರುಗಳು ಸಾಲುಗಟ್ಟಿ ನಿಂತು ಫೋಟೊ ತೆಗೆಸಿಕೊಂಡು ಹೋಗಿದ್ದವು. ಈಗ ತೆನೆ ಕೊಯ್ದಾಗಿತ್ತು. ತಲೆಯಿಲ್ಲದ ದಂಟುಗಳು ಒಣಗಿ ಕಪ್ಪಾಗಿ ನಿಂತಿದ್ದವು, ಕೆಲವು ಮುರಿದು ಒಂದರ ಮೇಲೊಂದು ಒರಗಿದ್ದವು. ಗುರುಸಿದ್ದಯ್ಯ ಮಾರನೆಯ ದಿನದ ಉಳುಮೆಗೆ ಟ್ರ್ಯಾಕ್ಟರನ್ನೂ ಹೇಳಿಟ್ಟಿದ್ದ. ಯಾರೂ ಕಾರು ನಿಲ್ಲಿಸುವಂಥ ನೋಟ ಅದಲ್ಲ. ಶಿವಮಲ್ಲು ಬದುವಿನ ಮೇಲೆ ಕೂತ.

ಮೊದಲ ಒಂದು ಗಂಟೆ ಕೈ ತಾನೇ ತಾನಾಗಿ ಚೆಂದ ಮಾಡಲು ಹೋಯಿತು. ಅವನು ಅದನ್ನೆಲ್ಲ ಬಟ್ಟೆಯಲ್ಲಿ ಒರೆಸಿ ಹಾಕಿದ. ಆಮೇಲೆ ದಂಟಿನ ಕಪ್ಪು ಕಪ್ಪಲ್ಲ ಎಂದು ಕಂಡಿತು. ಅದರಲ್ಲಿ ನೇರಳೆಯಿತ್ತು, ಬುಡದಲ್ಲಿ ಇನ್ನೂ ಒಂದು ಎಳೆ ಹಸಿರು ಉಳಿದಿತ್ತು. ಆ ಹಸಿರು ಯಾವ ಟ್ಯೂಬಿನಲ್ಲೂ ಇರಲಿಲ್ಲ. ಬೆರೆಸಿದ, ಬರಲಿಲ್ಲ. ಮತ್ತೆ ಬೆರೆಸಿದ. ದಂಟುಗಳ ಸಂದಿನಲ್ಲಿ ಬೆಟ್ಟ ತುಂಡು ತುಂಡಾಗಿ ಕಾಣುತ್ತಿತ್ತು, ತುಂಡು ತುಂಡಾಗಿಯೇ ಬರೆದ. ಬೊಟ್ಟು ಮರೆತುಹೋಯಿತು, ಬೃಂದಾ ಮರೆತುಹೋದರು, ಬಿಸಿಲು ಏರಿದ್ದೂ ಗೊತ್ತಾಗಲಿಲ್ಲ.

ಈರಮ್ಮ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು ಬಂದು ಬೆನ್ನ ಹಿಂದೆ ನಿಂತದ್ದು ಎಷ್ಟು ಹೊತ್ತಿಗೋ ಅವನಿಗೆ ತಿಳಿಯಿತು. ಅವನು ತಿರುಗಲಿಲ್ಲ. ನೆರಳು ಓಡುತ್ತಿತ್ತು, ಅದನ್ನು ಹಿಡಿಯಬೇಕಿತ್ತು. ಅವಳು ಬಹಳ ಹೊತ್ತು ನಿಂತಿದ್ದು, ಆಮೇಲೆ, "ಕತ್ತಿನ್ ಮ್ಯಾಲೆ ಇರುವೆ ಅದೆ, ಇರು" ಎಂದು ಅವನ ಕುತ್ತಿಗೆಯ ಹಿಂದೆ ಬೆರಳಾಡಿಸಿದಳು. ಬುತ್ತಿಯನ್ನು ಬದುವಿನ ಮೇಲಿಟ್ಟು ಮನೆ ಕಡೆ ಹೋದಳು.

ಅವಳು ಮರೆಯಾದ ಮೇಲೆ ಶಿವಮಲ್ಲುವಿಗೆ ಬೊಟ್ಟು ನೆನಪಾಯಿತು. ಎಡಮೂಲೆ ನೋಡಿದ. ಬಲಮೂಲೆ ನೋಡಿದ. ಮೇಲಿನ ಎರಡು ಮೂಲೆ, ಕ್ಯಾನ್‌ವಾಸಿನ ಬೆನ್ನು, ಎಲ್ಲ ನೋಡಿದ. ಎಲ್ಲಿಯೂ ಇರಲಿಲ್ಲ. ಅಷ್ಟು ಹೊತ್ತು ನಿಂತು ನೋಡಿಯೂ ಇಡದೆ ಹೋಗಿದ್ದಳು. ಅವನಿಗೆ ಅಳು ಬಂತು, ಅತ್ತ. ಸುತ್ತ ದಂಟುಗಳ ಹೊರತು ಯಾರೂ ಇರಲಿಲ್ಲ. ಅತ್ತು ಮುಗಿದ ಮೇಲೆ ನೋಡಿದರೆ ಬುಡದ ಹಸಿರು ಇನ್ನೂ ಒಂದು ಕಡೆ ಸರಿಯಿರಲಿಲ್ಲ. ಅದನ್ನು ಸರಿಮಾಡಿದ. ರೊಟ್ಟಿ ತಿಂದ. ಬೃಂದಾಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದು, ಬೊಟ್ಟಿಲ್ಲ, ಬೇಕಾದರೆ ಹಾಕಿ ಬೇಡವಾದರೆ ಬಿಡಿ ಎನ್ನುವುದು ಎಂದುಕೊಂಡು ಹಸಿ ಚಿತ್ರ ಹಿಡಿದು ಹಂಗಳದ ಗೇಟಿನಲ್ಲಿ ಬಸ್ಸಿಗೆ ನಿಂತ.

ಬಂದದ್ದು ಚೈತ್ರಳ ಬಸ್ಸು. ಸೀಟಿತ್ತು. ಚಿತ್ರವನ್ನು ಎರಡು ಮೊಣಕಾಲಿನ ನಡುವೆ ನಿಲ್ಲಿಸಿಕೊಂಡು ಕೂತ. ಚೈತ್ರ ಮುಂದಿನ ಹೆಂಗಸರ ಆಧಾರ್ ಕಾರ್ಡುಗಳನ್ನೆಲ್ಲ ನೋಡಿ, ಹಿಂದಿನಿಂದ ಟಿಕೆಟ್ ಕೊಡುತ್ತ ಬಂದಳು. ಗಂಡನ ಬೆನ್ನ ಹಿಂದೆ ಬಂದವಳು ಒಂದು ಗಳಿಗೆ ನಿಂತಳು. ಆಮೇಲೆ ಮುಂದೆ ಬಂದು ಮೆಷಿನ್ನಿನ ಮೇಲೆ ಬೆರಳಿಟ್ಟು ಕೇಳಿದಳು.

"ಗುಂಡ್ಲುಪೇಟೆಗೆ ಫುಲ್ಲಾ, ಆಫಾ?"

ಅವನಿಗೆ ಅರ್ಥವಾಗಲಿಲ್ಲ.

"ಬೊಟ್ಟಿಡಿಸ್ಕೊಂಡು ಬರೋರ್ಗೆಲ್ಲ ಆಫೇ ಕೊಡದು" ಎಂದಳು. ಮುಖದಲ್ಲಿ ನಗು ಇರಲಿಲ್ಲ. ಡ್ಯೂಟಿಯಲ್ಲಿ ಅವಳು ನಗುವವಳಲ್ಲ.

ಶಿವಮಲ್ಲು ಕೈ ಹಿಂದೆ ತೆಗೆದುಕೊಂಡು ಹೋಗಿ ಕುತ್ತಿಗೆ ಮುಟ್ಟಿ ನೋಡಿದ. ಬೆರಳಿಗೆ ಜಿಡ್ಡು ಹತ್ತಿತು. ತಂದು ನೋಡಿದರೆ ಕಾಡಿಗೆ. ಇರುವೆ ಇರಲಿಲ್ಲ. ಮೂವತ್ತೆಂಟು ವರ್ಷದ, ತಲೆ ಅರ್ಧ ನರೆತ ಗಂಡಸಿಗೆ ಅವ್ವ ಬೊಟ್ಟಿಟ್ಟಿದ್ದಳು. ಅವನಿಗೆ ಆದ ಸಂತೋಷವನ್ನು ಎಲ್ಲಿಡುವುದೆಂದು ತಿಳಿಯದೆ ಇನ್ನೊಂದು ಕೈಯಿಂದ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡ.

ಬೆರಳಿನ ತುಂಬ ಕಾಡಿಗೆಯಿತ್ತು. ಅವ್ವನದೇ ಕಾಡಿಗೆ, ಅವ್ವನೇ ಇಟ್ಟದ್ದು. ಚಿತ್ರದ ಎಡಮೂಲೆ ಬೆರಳಿನಿಂದ ಗೇಣು ದೂರದಲ್ಲಿತ್ತು. ಬೃಂದಾ ಕೇಳಿದ್ದೂ ಅದನ್ನೇ. ಒಂದು ಸಲ ಒತ್ತಿದ್ದರೆ ಸುಳ್ಳು ಎಂದು ಯಾರೂ ಹೇಳುವಂತಿರಲಿಲ್ಲ, ಅವ್ವ ಕೂಡ. ಶಿವಮಲ್ಲು ಮೂಲೆ ನೋಡಿದ, ಬೆರಳು ನೋಡಿದ. ಆಮೇಲೆ ಬಲಗೈಯನ್ನು ಏನಕ್ಕೂ ತಾಗದಂತೆ ಮೇಲೆತ್ತಿ ಹಿಡಿದುಕೊಂಡ. ಗುಂಡ್ಲುಪೇಟೆ ಬರುವ ತನಕ ಹಾಗೇ ಹಿಡಿದುಕೊಂಡಿದ್ದ.

ಟಿಕೆಟ್ಟಿನ ದುಡ್ಡನ್ನು ಎಡಗೈಯಲ್ಲಿ ಕೊಟ್ಟ. ಎಡಗೈಯಲ್ಲಿ ಕೊಟ್ಟ ದುಡ್ಡನ್ನು ಚೈತ್ರ ಸರ್ವೀಸಿಗೆ ಸೇರಿದ ಮೇಲೆ ಯಾರಿಂದಲೂ ತೆಗೆದುಕೊಂಡವಳಲ್ಲ. ಅವತ್ತು ತೆಗೆದುಕೊಂಡು, ಫುಲ್ ಟಿಕೆಟ್ ಹರಿದುಕೊಟ್ಟಳು.